ಏರಿಯ ಮೇಲೊಂದು ಎಲೆಯಾಟ

ಚನ್ನಗಿರಿಯ ಅಡಿಕೆ ಮಾರುಕಟ್ಟೆಗೆ ಟೆಂಡರಿನ ದಿನ ಹೋದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಸರಕೆಲ್ಲ ಬಟಾಬಯಲು, ಬೆಲೆಯೆಲ್ಲ ಗುಟ್ಟು. ಕೆಂಪಗೆ ಮಿರುಗುವ ಅಡಿಕೆ ಎಲ್ಲರ ಕಣ್ಣೆದುರೇ ಬಿದ್ದಿರುತ್ತದೆ. ವ್ಯಾಪಾರಿ ಬರುತ್ತಾನೆ, ಒಂದು ಹಿಡಿ ಎತ್ತಿ ಬೊಗಸೆಯಲ್ಲಿ ಆಡಿಸುತ್ತಾನೆ, ಒಂದನ್ನು ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಮನಸ್ಸಿನಲ್ಲಿ ಕಟ್ಟಿದ ದರವನ್ನು ಮಾತ್ರ ಪಕ್ಕದವನಿಗೆ ತಿಳಿಸುವುದಿಲ್ಲ. ಹಿಂದೆ ಅದು ಚೀಟಿಯಲ್ಲಿ ಅಡಗಿರುತ್ತಿತ್ತು, ಈಗ ಕಂಪ್ಯೂಟರಿನಲ್ಲಿ. ಬೆಳೆಗಾರನ ಮುಖದಲ್ಲೂ ಏನೂ ಕಾಣದು. ದರ ಒಪ್ಪಿಗೆಯಾದರೆ ಕೊಟ್ಟಾನು, ಇಲ್ಲದಿದ್ದರೆ ಚೀಲ ಕಟ್ಟಿ ಇಟ್ಟಾನು.

ಅರ್ಧ ತೆರೆದು ಅರ್ಧ ಮುಚ್ಚಿದ ಇಂಥ ವ್ಯವಹಾರದಲ್ಲಿ ಈ ಸೀಮೆಯ ಜನ ಪಳಗಿದವರು. ಹಾಗಾಗಿ ಇಸ್ಪೀಟಿನ ಲೋಕದಲ್ಲಿ ಕಷ್ಟದ್ದೆಂದು ಹೆಸರಾದ ಒಂದು ಆಟವನ್ನು ಅರಿಯಲು ಚನ್ನಗಿರಿಗಿಂತ ತಕ್ಕ ಊರು ಸಿಕ್ಕುವುದು ಕಷ್ಟ. ಆ ಆಟ ಪೋಕರಿನ ಒಂದು ಬಗೆ, ಹೆಸರು ಸ್ಟಡ್ ಹೈ-ಲೋ. ಅದರಲ್ಲಿ ಕೇಳುವ ಮೊದಲ ಪ್ರಶ್ನೆ ಇದು: ಆರಂಭದಲ್ಲೇ ಒಳ್ಳೆಯ ಎಲೆ ಬಿದ್ದರೆ ಪಣ ಏರಿಸಬೇಕೆ, ಸುಮ್ಮನೆ ಕೂರಬೇಕೆ?

ಎರಡು ಗುಡ್ಡ, ಒಂದು ಏರಿ

ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋಗಬೇಕಾದದ್ದು ಪೇಟೆಯ ಉತ್ತರಕ್ಕಿರುವ ಸೂಳೆಕೆರೆಗೆ. ಶಾಂತಿಸಾಗರ ಎಂಬುದು ಅದರ ಇನ್ನೊಂದು ಹೆಸರು. ಶಾಂತವ್ವೆ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನಪದರು ಹೇಳುತ್ತಾರೆ. ಐದು ಸಾವಿರ ಎಕರೆಗೂ ಮಿಗಿಲಾಗಿ ಹರಡಿದ ಈ ನೀರನ್ನು ತಡೆದು ನಿಲ್ಲಿಸಿರುವ ಏರಿ ಎಷ್ಟು ಉದ್ದವಿದ್ದೀತು? ಮೊದಲ ಸಲ ಬಂದವರು ಮೈಲಿಗಟ್ಟಲೆ ಎಂದುಕೊಳ್ಳುತ್ತಾರೆ. ನಡೆದು ನೋಡಿದರೆ ಐದೇ ನಿಮಿಷದ ದಾರಿ, ಸಾವಿರ ಅಡಿಯೂ ಇಲ್ಲ.

ಕಟ್ಟಿದವರ ಜಾಣತನ ಜಾಗದ ಆಯ್ಕೆಯಲ್ಲಿದೆ. ಎರಡು ಗುಡ್ಡಗಳು ಹತ್ತಿರ ಬಂದು, ಹರಿದ್ರಾ ಹೊಳೆ ನಡುವಿನ ಕಿಂಡಿಯಲ್ಲಿ ನುಗ್ಗುವ ಕಡೆ ಅವರು ಕಲ್ಲು ಮಣ್ಣು ಸುರಿದರು. ಗುಡ್ಡಗಳು ಮುಕ್ಕಾಲು ಕೆಲಸವನ್ನು ಮೊದಲೇ ಮಾಡಿಟ್ಟಿದ್ದವು. ಅದೇ ಏರಿಯನ್ನು ಬಯಲಿನಲ್ಲಿ ಎತ್ತರಿಸಿದ್ದರೆ ಮೊದಲ ಮಳೆಗೇ ನೀರು ಬಳಸಿಕೊಂಡು ಹೋಗುತ್ತಿತ್ತು. ಏರಿಗೆ ಎರಡು ತೂಬು: ಸಿದ್ಧನ ತೂಬು, ಬಸವನ ತೂಬು. ಒಂದೇ ನೀರು ಎರಡು ಕಾಲುವೆಯಾಗಿ ಎರಡು ಕಡೆಯ ಗದ್ದೆ ತೋಟಗಳಿಗೆ ಹೋಗುತ್ತದೆ. ಹೈ-ಲೋ ಆಟದ ಪಣವೂ ಹೀಗೆಯೇ ಎರಡು ತೂಬಿನಲ್ಲಿ ಹರಿಯುತ್ತದೆ.

ಹುಣಸೆ ಬೀಜದ ಲೆಕ್ಕ

ರಜೆಯ ದಿನ ಬುತ್ತಿ ಕಟ್ಟಿಕೊಂಡು ಬಂದ ಒಂದು ಮನೆಯವರು ಏರಿಯ ಮೇಲಿನ ಮರದ ನೆರಳಲ್ಲಿ ಕುಳಿತಿದ್ದಾರೆ ಎಂದುಕೊಳ್ಳಿ. ಅಜ್ಜ, ಅಪ್ಪ, ಕಾಲೇಜಿಗೆ ಹೋಗುವ ಮಗಳು, ಎಸ್ಸೆಸ್ಸೆಲ್ಸಿ ಓದುವ ಮಗ. ಕೈಯಲ್ಲಿ ದುಡ್ಡಿಲ್ಲ, ಹುಣಸೆ ಬೀಜ. ಮೂರೆಲೆ ಆಟ ಬಲ್ಲವರಿಗೆ ಇದು ಬೇಗ ಹಿಡಿಸುತ್ತದೆ. ಮೊದಲು ಒಬ್ಬೊಬ್ಬರಿಗೆ ಮೂರು ಎಲೆ: ಎರಡು ಮುಚ್ಚಿ, ಒಂದು ತೆರೆದು. ಆಮೇಲೆ ಒಂದೊಂದಾಗಿ ಮೂರು ತೆರೆದ ಎಲೆ. ಕೊನೆಯದು ಮತ್ತೆ ಮುಚ್ಚಿದ ಎಲೆ. ಒಟ್ಟು ಏಳು, ಪಣ ಕಟ್ಟಲು ಐದು ಸುತ್ತು. ಏಳರಲ್ಲಿ ಐದನ್ನು ಆರಿಸಿ ಕೈ ಕಟ್ಟಬೇಕು.

ಪಣದ ಅರ್ಧ ಎಲ್ಲರಿಗಿಂತ ದೊಡ್ಡ ಕೈಗೆ, ಇನ್ನರ್ಧ ಎಲ್ಲರಿಗಿಂತ ಸಣ್ಣ ಕೈಗೆ. ಸಣ್ಣ ಕೈ ಎನಿಸಿಕೊಳ್ಳಲು ಎಂಟು ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆ ಬೇರೆ ಎಲೆಗಳಿರಬೇಕು. ಅಂಥದು ಯಾರಲ್ಲೂ ಇರದಿದ್ದರೆ ಪೂರ್ತಿ ಪಣ ದೊಡ್ಡ ಕೈಗೇ. ಎಕ್ಕ ಮಾತ್ರ ಎರಡೂ ಕಡೆ ಸಲ್ಲುತ್ತದೆ, ದೊಡ್ಡದರಲ್ಲಿ ದೊಡ್ಡದು, ಸಣ್ಣದರಲ್ಲಿ ಸಣ್ಣದು. ಎಕ್ಕ, ಎರಡು, ಮೂರು, ನಾಲ್ಕು, ಐದು ಕೂಡಿದರೆ ಅದಕ್ಕಿಂತ ಸಣ್ಣ ಕೈ ಇಲ್ಲ. ಅದೇ ಐದು ಎಲೆ ಸಾಲೂ ಆಗುವುದರಿಂದ ದೊಡ್ಡ ಕೈಯಾಗಿಯೂ ನಿಲ್ಲುತ್ತದೆ.

ಈಗ ಲೆಕ್ಕ. ನಾಲ್ವರೂ ಹತ್ತು ಹತ್ತು ಬೀಜ ಹಾಕಿದರೆ ನಡುವೆ 40. ಅರ್ಧ ಗೆದ್ದವರಿಗೆ 20, ಅದರಲ್ಲಿ ತಮ್ಮದೇ 10, ಲಾಭ ಹತ್ತು. ಎರಡೂ ಅರ್ಧ ಗೆದ್ದವರಿಗೆ ಲಾಭ ಮೂವತ್ತು. ಅರ್ಧಕ್ಕೂ ಪೂರ್ತಿಗೂ ಅಂತರ ಎರಡರಷ್ಟಲ್ಲ, ಮೂರರಷ್ಟು. ಸಣ್ಣ ಕೈಯ ಅರ್ಧ ಇಬ್ಬರ ನಡುವೆ ಸಮನಾಗಿ ಹಂಚಿಹೋದರೆ ಒಬ್ಬೊಬ್ಬರಿಗೆ ಹತ್ತು ಬೀಜ, ಗೆದ್ದೂ ಲಾಭ ಸೊನ್ನೆ. ಆಟಕ್ಕೆ ಇಬ್ಬರೇ ಕುಳಿತು ಅರ್ಧರ್ಧ ಹಂಚಿಕೊಂಡರೂ ಅಷ್ಟೇ, ಹಾಕಿದ್ದು ವಾಪಸು ಬಂತು. ಎರಡೂ ತೂಬು ತನ್ನ ಕಡೆ ಹರಿಯುವ ಆಸೆ ಇದ್ದವನಿಗೆ ಮಾತ್ರ ಪಣ ಏರಿಸುವುದರಲ್ಲಿ ಅರ್ಥವಿದೆ ಎನ್ನುವುದು ಇದಕ್ಕೇ.

ಯಾವಾಗ ಏರಿಸಬೇಕು?

52 ಎಲೆಗಳ ಕಟ್ಟಿನಿಂದ ಮೂರು ಎಲೆ ಬೀಳುವ ಬಗೆಗಳು 22,100. ಮೂರೂ ಎಂಟರೊಳಗಿನ ಬೇರೆ ಬೇರೆ ಎಲೆಯಾಗಿ ಬೀಳುವ ಬಗೆಗಳು 3,584. ಒಂದು ಜೋಡಿ ಬೀಳುವ ಬಗೆಗಳು 3,744. ಎರಡೂ ಹೆಚ್ಚುಕಡಿಮೆ ಆರಕ್ಕೊಂದು ಸಲ. ಅಂದರೆ 'ಒಳ್ಳೆಯ ಆರಂಭ' ಎಂದು ಕಾಣುವುದು ಅಪರೂಪವೇನಲ್ಲ. ಮೂರಕ್ಕೆ ಮೂರೂ ಒಂದೇ ಎಲೆ ಬೀಳುವುದು ಮಾತ್ರ 425ಕ್ಕೆ ಒಮ್ಮೆ. ಪಿಯುಸಿಯಲ್ಲಿ ವಿಕಲ್ಪ ಕಲಿತ ಮಕ್ಕಳು ಈ ಅಂಕಿಗಳನ್ನು ತಾವೇ ಹಾಕಿ ನೋಡಬಹುದು.

ಏರಿಯ ಮೇಲಿನ ಆಟದಲ್ಲಿ ಮಗಳಿಗೆ ಬಂದದ್ದು ಇಸ್ಪೀಟಿನ ಎಕ್ಕ, ಮೂರು, ನಾಲ್ಕು. ತೆರೆದದ್ದು ನಾಲ್ಕು. ಸಣ್ಣ ಕೈಗೂ ದಾರಿ, ಸಾಲಿಗೂ ದಾರಿ, ಒಂದೇ ಜಾತಿಯ ಐದು ಕೂಡಿಸಲೂ ದಾರಿ. ಎರಡು ಗುಡ್ಡಗಳು ಹತ್ತಿರ ಬಂದ ಜಾಗವೆಂದರೆ ಇದು. ಅವಳು ಏರಿಸಬೇಕು, ಈಗಲೇ ಏರಿಸಬೇಕು. ಅಂಜಿ ಕುಳಿತರೆ ಅರೆಬರೆ ಎಲೆಯವರೆಲ್ಲ ಅಗ್ಗದಲ್ಲಿ ಮುಂದಿನ ಎಲೆ ನೋಡಿಬಿಡುತ್ತಾರೆ.

ಅಪ್ಪನಿಗೆ ಜೋಡಿ ರಾಜ, ಜೊತೆಗೊಂದು 9. ತೆರೆದದ್ದು ರಾಜ. ನೋಡಲು ಇದೇ ಭಾರಿ ಕೈ. ಆದರೆ ಇದಕ್ಕಿರುವುದು ಒಂದೇ ದಾರಿ, ದೊಡ್ಡ ಕೈಯ ಅರ್ಧ. ಅವರು ಏರಿಸುವ ಮುಂಚೆ ಸುತ್ತ ತೆರೆದ ಎಲೆಗಳನ್ನು ಓದಬೇಕು. ಬೇರೆಯವರ ಮುಂದೆ 9, 10, ರಾಣಿ ತೆರೆದಿದ್ದರೆ ಧೈರ್ಯವಾಗಿ ಏರಿಸಬಹುದು. ಸಣ್ಣ ಕೈ ಕಟ್ಟುವವರೇ ಇಲ್ಲದಿದ್ದರೆ ಪಣವೆಲ್ಲ ರಾಜನದೇ, ಜನ ಹೊರಗೆ ಹೋದಷ್ಟೂ ಒಳ್ಳೆಯದು. ಈಗಲಾದರೋ ಎದುರಿಗೆ 4, ಪಕ್ಕದಲ್ಲಿ 8. ಜೊತೆಯಲ್ಲಿ ನಡೆದರೆ ಸಾಕು, ಮುಂದೆ ಓಡಬಾರದು.

ಮಗನಿಗೆ 2, 6, ತೆರೆದದ್ದು 8, ಮೂರೂ ಬೇರೆ ಬೇರೆ ಜಾತಿ. ಮೂರೂ ಸಣ್ಣವೇ ಎಂದು ಹುಡುಗನಿಗೆ ಹಿಗ್ಗು. ಸಣ್ಣ ಕೈಗಳನ್ನು ಅಳೆಯುವುದು ಅವುಗಳಲ್ಲಿನ ದೊಡ್ಡ ಎಲೆಯಿಂದ, ಎಂಟರ ಕೈ ಏಳರ ಕೈಗೆ ಸೋಲುತ್ತದೆ. ದೊಡ್ಡ ಕೈಯಾಗುವ ದಾರಿಯಂತೂ ಇಲ್ಲವೇ ಇಲ್ಲ. ಇದು ಬಯಲಿನಲ್ಲಿ ಕಟ್ಟಿದ ಏರಿ.

ಅಜ್ಜನಿಗೆ 5, 9, ತೆರೆದದ್ದು ರಾಣಿ. ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಮೊಮ್ಮಗಳು ಏರಿಸಿದೊಡನೆ, "ನಂದು ಮುಗೀತು ನೋಡವ್ವ" ಎಂದು ಎಲೆ ಕೆಳಗಿಟ್ಟು ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಆಡಿದವರು ಅವರೇ.

ನಾಲ್ಕನೆಯ ಎಲೆ

ನಾಲ್ಕನೆಯ ಎಲೆ ಬಿತ್ತು. ಮಗಳಿಗೆ 5, ಮಗನಿಗೆ ಗುಲಾಮ. ಹುಡುಗ ಎದ್ದುಬಿಡಬೇಕಾದ ಗಳಿಗೆ ಇದು. 'ಇಷ್ಟು ಹಾಕಿದ್ದೇನಲ್ಲ, ಇನ್ನೊಂದು ಎಲೆ ನೋಡೋಣ' ಎನ್ನುವ ಮನಸ್ಸೇ ಬೀಜದ ಚೀಲವನ್ನು ಬರಿದು ಮಾಡುವುದು.

ಇದು ಎಲೆಯಾಟದ ಮಾತು ಮಾತ್ರವಲ್ಲ ಎಂಬುದು ಏರಿಯಿಂದಿಳಿದು ತೋಟಗಳ ನಡುವೆ ನಡೆದರೆ ತಿಳಿಯುತ್ತದೆ. ಅಡಿಕೆ ಸಸಿ ನೆಟ್ಟವನು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಕಾಲುವೆಯ ನೀರು, ಒಳ್ಳೆಯ ಮಣ್ಣು, ಜೊತೆಗೆ ಬಾಳೆಯಂಥ ಎರಡನೆಯ ಬೆಳೆ ಇದ್ದರೆ ಅದು ಎರಡೂ ಕಡೆ ಗೆಲ್ಲುವ ಕೈ. ಕೆಲವರು ಕೊನೆಗಳನ್ನು ಮರದ ಮೇಲೆಯೇ ಅಂದಾಜು ಮಾಡಿಸಿ ಫಸಲನ್ನು ಚೇಣಿಗೆ ಕೊಡುತ್ತಾರೆ. ಸಿಕ್ಕುವುದು ಪೂರ್ತಿಯಲ್ಲ, ಆದರೆ ಖಾತ್ರಿಯಾದ ಪಾಲು. ಕೊಯ್ಲು, ಸುಲಿತ, ಬೇಯಿಸುವುದು, ಚೊಗರು, ಒಣಗಿಸುವುದು, ದರದ ಏರಿಳಿತ ಎಲ್ಲ ಚೇಣಿದಾರನ ತಲೆಗೆ. ಕೈ ಎಂಥದೆಂದು ಅರಿತು ಏರಿಸದೆ ಕುಳಿತವರು ಇವರು. ಅದರಲ್ಲಿ ಅವಮಾನವೇನೂ ಇಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಕಥೆ ಬೇರೆ. 2016-17ರಲ್ಲಿ, ಮತ್ತೆ 2023-24ರಲ್ಲಿ ಬರ ಬಿದ್ದಾಗ ಈ ತಾಲ್ಲೂಕಿನ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆದರು. ಒಂದು ಕೊಳವೆಬಾವಿ ಬತ್ತಿದರೆ ಇನ್ನೊಂದು, ಅದೂ ಬತ್ತಿದರೆ ಮತ್ತೊಂದು. ಸಾಕಿದ ಮರ ಕಣ್ಣೆದುರು ಸೊರಗುವುದನ್ನು ನೋಡುವವನ ಸಂಕಟ ಹೊರಗಿನವರಿಗೆ ತಿಳಿಯದು. ಆದರೂ ಎಷ್ಟನೆಯ ಬಾವಿಗೆ ನಿಲ್ಲಿಸಬೇಕೆಂಬುದನ್ನು ಮೊದಲ ಬಾವಿ ಕೊರೆಸುವಾಗಲೇ ಯೋಚಿಸಿದ ಮನೆ ಉಳಿದುಕೊಳ್ಳುತ್ತದೆ. ಕಾಲೇಜು, ಕೋರ್ಸು, ಸಾಲ ಆರಿಸುವ ತಂದೆತಾಯಂದಿರಿಗೂ ಈ ಮಾತು ಸಲ್ಲುತ್ತದೆ.

ಮುಚ್ಚಿ ಬರುವ ಕೊನೆಯ ಎಲೆ

ಮಗ ಎದ್ದ. ಉಳಿದವರು ಅಪ್ಪ, ಮಗಳು. ಮಗಳಿಗೆ ಮುಂದಿನ ಎರಡು ಎಲೆ ಕೈಕೊಟ್ಟವು, ಡೈಮಂಡಿನ 10 ಮತ್ತು ಕಳಾವರಿನ ಗುಲಾಮ. ಅಪ್ಪನ ಮುಂದೆ ರಾಜ, 9, 10, 5. ಕೊನೆಯ ಎಲೆ ಬಾಕಿ. ಮಗಳು ಕಾಣದ ಎಲೆಗಳು 39. ಅವುಗಳಲ್ಲಿ ಸಣ್ಣ ಕೈ ಕೂಡಿಸುವ 2, 6, 7, 8 ಒಟ್ಟು 15. ಅದರಲ್ಲೂ ಎರಡು ಬಂದರೆ ಸಾಲಾಗಿ, ದೊಡ್ಡ ಅರ್ಧಕ್ಕೂ ಕೈ ಚಾಚಬಹುದು. ಬಂದದ್ದು ಆಟೀನಿನ ರಾಣಿ. ಪಣವೆಲ್ಲ ಅಪ್ಪನಿಗೆ.

ಹಾಗಾದರೆ ಮೊದಲ ಸುತ್ತಿನಲ್ಲಿ ಅವಳು ಏರಿಸಿದ್ದು ತಪ್ಪೇ? ಅಲ್ಲ. ಅದೇ ಮೂರು ಎಲೆ ನಾಳೆ ಬಂದರೆ ನಾಳೆಯೂ ಏರಿಸಬೇಕು. ತೀರ್ಮಾನವನ್ನು ತೂಗಬೇಕಾದದ್ದು ಆಗ ಗೊತ್ತಿದ್ದ ಸಂಗತಿಗಳಿಂದ, ಆಮೇಲೆ ಬಿದ್ದ ಎಲೆಯಿಂದಲ್ಲ. ಫಲಿತಾಂಶದ ದಿನ ಅಂಕಪಟ್ಟಿ ಹಿಡಿದು ನಿಂತ ಮಕ್ಕಳ ಎದುರು ದೊಡ್ಡವರು ಮರೆಯುವುದು ಇದನ್ನೇ. ಚೆನ್ನಾಗಿ ಓದಿಯೂ ಕಡಿಮೆ ಬಂದವನನ್ನು ಬೈಯುತ್ತಾರೆ, ಓದದೆ ಗಿಟ್ಟಿಸಿಕೊಂಡವನನ್ನು ಹೊಗಳುತ್ತಾರೆ.

ಚನ್ನಗಿರಿಗೆ ಸಮೀಪದ ಹೊದಿಗೆರೆಯಲ್ಲಿ ಈ ಮಾತಿಗೆ ಸಾಕ್ಷಿಯಂತೆ ಒಂದು ಸಮಾಧಿ ಇದೆ. ಶಿವಾಜಿಯ ತಂದೆ ಶಹಾಜಿ ಭೋಸ್ಲೆಯದು. ನಿಜಾಮಶಾಹಿ, ಮೊಗಲ, ಆದಿಲಶಾಹಿ ಎಂದು ಆಳುವವರು ಬದಲಾದರೂ ಕಾಲವರಿತು ನಡೆದವನು, ಬೆಂಗಳೂರನ್ನು ಜಹಗೀರಾಗಿ ಪಡೆದವನು. ಅಂಥವನು 1664ರ ಜನವರಿಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಇಲ್ಲಿ ತೀರಿಕೊಂಡ. ಎಂಥ ಗಟ್ಟಿ ಕೈಯವನಿಗೂ ಏಳನೆಯ ಎಲೆ ಮುಚ್ಚಿಯೇ ಬರುತ್ತದೆ.

ಬೀಜವೇ ಸಾಕು

ಆಟ ಹುಣಸೆ ಬೀಜದಲ್ಲಿ ನಡೆದರೆ ಗಣಿತದ ಪಾಠ, ನೋಟಿನಲ್ಲಿ ನಡೆದರೆ ಮನೆಯ ಮಾತು. ಯುಗಾದಿ, ದೀಪಾವಳಿ ಬಂದರೆ ಊರೂರಲ್ಲಿ ಇಸ್ಪೀಟಿನ ಕಟ್ಟು ಹೊರಬರುತ್ತದೆ. ಬಲಿಪಾಡ್ಯಮಿಗೆ ದ್ಯೂತ ಪ್ರತಿಪದೆ ಎಂಬ ಹೆಸರೇ ಇದೆ. ಪೋಕರ್ ಕೌಶಲದ ಆಟವೋ ಅದೃಷ್ಟದ್ದೋ ಎಂಬ ವಾದ ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿತು. ಆನ್‌ಲೈನ್ ಆಟಗಳ ಮಟ್ಟಿಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಆ ವಾದವನ್ನೇ ಬದಿಗಿಟ್ಟಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಮೊಬೈಲಿನಲ್ಲಿ ಗಳಿಗೆಗೊಂದು ಹೊಸ ಮೂರೆಲೆ ಬೀಳುತ್ತಿದ್ದರೆ, ಎದ್ದುಹೋಗುವ ಅಜ್ಜನ ವಿವೇಕಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ.

ಸೂಳೆಕೆರೆಗೆ ಹೋಗುವವರು ದಾವಣಗೆರೆ ಅಥವಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಚನ್ನಗಿರಿ ಸೇರಬಹುದು. ದಾವಣಗೆರೆ ಕಡೆಯಿಂದ ಬರುವವರು ದಾರಿಯಲ್ಲಿ ಸಂತೆಬೆನ್ನೂರಿನ ಪುಷ್ಕರಣಿ ನೋಡಿಕೊಂಡು ಬರಬಹುದು. ಮಳೆಗಾಲ ಮುಗಿದ ಮೇಲೆ ಹೋದರೆ ಕೆರೆಯೂ ತುಂಬಿರುತ್ತದೆ, ತೋಟಗಳ ಕಡೆಯಿಂದ ಅಡಿಕೆ ಬೇಯಿಸುವ ವಾಸನೆಯೂ ತೇಲಿ ಬರುತ್ತದೆ. ಸಂಜೆ ಏರಿಯ ಮೇಲೆ ನಿಂತರೆ ಒಂದು ಕಡೆ ಕಣ್ಣು ಹಾಯುವವರೆಗೂ ನೀರು, ಇನ್ನೊಂದು ಕಡೆ ಅದನ್ನೇ ಕುಡಿದು ಹಸಿರಾದ ತೋಟ. ಶತಮಾನಗಳ ಹಿಂದೆ ಯಾರೋ ಜಾಗ ನೋಡಿ ಏರಿಸಿದ ಏರಿ ಇವತ್ತಿಗೂ ನಿಂತಿದೆ. ಕೆರೆ ಮೀರಿ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಅವರು ಕೋಡಿಯನ್ನೂ ಬಿಟ್ಟಿದ್ದರು.