ಎರಡು ಬಕೆಟ್ ಇಲ್ಲಣ

‘ಚಿಮಣಿ ಕ್ಲೀನ್ ಮಾಡೋಕೆ ಆಳು ಬರ್ತಾನಮ್ಮ, 70 ಪೌಂಡು’ ಎಂದೆ ಫೋನಿನಲ್ಲಿ. ‘ಚಿಟಿಕೆ ಬೂದಿ ಹಾಕಿ ಬಟ್ಟೇಲಿ ತಿಕ್ಕು, ಅದಕ್ಕೂ ಆಳೇ?’ ಎಂದಳು ಅಮ್ಮ. ತೀರ್ಥಹಳ್ಳಿ ಕಡೆಯ ಅವಳಿಗೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪ, ಹೆಚ್ಚೆಂದರೆ ಅದರ ಗಾಜು. ನಾನು ಹೇಳಿದ್ದು ಯಾರ್ಕ್‌ಶೈರಿನ ಹಳ್ಳಿಯೊಂದರಲ್ಲಿ ಸಾಲ ಮಾಡಿ ಕೊಂಡ ಹಳೇ ಮನೆಯ ಹೊಗೆಗೂಡಿನ ವಿಷಯ.

ನಮ್ಮೂರ ಅಡುಗೆಮನೆಗೆ ಹೊಗೆಗೂಡೇ ಇರಲಿಲ್ಲ. ಅಥವಾ ಸಾವಿರ ಇದ್ದವು ಅನ್ನಿ, ನಾಡಹೆಂಚಿನ ಸಂದಿಗೊಂದರಂತೆ. ಅಮ್ಮ ಕೆಮ್ಮುತ್ತಿದ್ದಳು, ಜಂತಿಯಿಂದ ಇಲ್ಲಣ ಜೋಲುತ್ತಿತ್ತು, ನನ್ನ ಮಂಡಿ ತರಚಿದರೆ ಅದನ್ನೇ ಗಾಯಕ್ಕೆ ಒತ್ತುತ್ತಿದ್ದಳು. ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ ಬಂತು, ಹೊಗೆಗೆ ಕೊಳವೆಯ ದಾರಿಯಾಯಿತು, ಕೆಮ್ಮು ಇಳಿಯಿತು.

ಈ ಮನೆಯ ಕಿಟಕಿಗಳಿಗೆ ಎರಡೆರಡು ಪದರ ಗಾಜು. ಗಾಳಿ ನುಸುಳಲೂ ಸಂದಿಲ್ಲ. ಹೊಗೆಗಿರುವುದು ಒಂದೇ ದಾರಿ. ಅದು ಕಟ್ಟಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಇಳಿಯುತ್ತದೆ. ಕಣ್ಣುರಿಸಿ ಎಬ್ಬಿಸುವ ಸೌಜನ್ಯವೂ ಇಲ್ಲದ ವಿಷ. ಅದಕ್ಕೇ ಗೋಡೆಗೆ ಅಲಾರಂ ಹಾಕಿಸಿದ್ದೇನೆ.

ಏಪ್ರಿಲ್‌ನಲ್ಲಿ ಬಂದ ಚಿಮಣಿಯಾತ ಮೇಲೆ ನೋಡಿ ಕೈಚೆಲ್ಲಿದ. ಕಾಗೆಯ ದಾಯಾದಿ ಜ್ಯಾಕ್‌ಡಾ ಗೂಡು ಕಟ್ಟಿತ್ತು. ಹಕ್ಕಿ ಇರುವ ಗೂಡು ಕೆಡಹುವುದು 1981ರ ಕಾಯಿದೆಯಂತೆ ಅಪರಾಧ. ಮನೆಯ ಸಾಲ ನನ್ನದು, ಸಂಸಾರ ಅವುಗಳದ್ದು.

ಕಾಯುವ ತಿಂಗಳುಗಳಲ್ಲಿ ಓದುತ್ತ ಕೂತೆ. 1662ರಲ್ಲಿ ಇಲ್ಲಿ ಒಲೆಗೇ ತೆರಿಗೆ ಹಾಕಿದ್ದರು, ಒಂದಕ್ಕೆ ವರ್ಷಕ್ಕೆ 2 ಶಿಲಿಂಗ್. ಆಕ್ಸ್‌ಫರ್ಡ್‌ಶೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವವಳೊಬ್ಬಳು ಅದನ್ನು ಉಳಿಸಲು ಗೋಡೆ ಕೊರೆದು, ತನ್ನ ಒಲೆಯ ಹೊಗೆಯನ್ನು ಪಕ್ಕದ ಮನೆಯ ಗೂಡಿಗೆ ಬಿಟ್ಟಳಂತೆ. 1684ರಲ್ಲಿ ಅಲ್ಲಿಂದ ಹೊತ್ತಿದ ಬೆಂಕಿಗೆ 20 ಮನೆ ಸುಟ್ಟವು, ನಾಲ್ಕು ಜೀವ ಹೋಯಿತು. ನಗು ಬಂದದ್ದು ಅಷ್ಟಕ್ಕೇ ನಿಂತಿತು. ಹಿಂದೆ ಹೊಗೆಗೂಡಿನ 9 ಇಂಚು ಅಗಲ, 14 ಇಂಚು ಉದ್ದದ ಕಿಂಡಿಯೊಳಗೆ ಮಸಿ ಕೆರೆಯಲು ಹತ್ತಿಸುತ್ತಿದ್ದುದು ಮಕ್ಕಳನ್ನು. 1875ರ ಕಾಯಿದೆ ಬರುವ ತನಕ ಅದು ನಿಲ್ಲಲಿಲ್ಲ. ಅವರ ಚರ್ಮದಲ್ಲಿ ಕೂತ ಮಸಿಯೇ ಕ್ಯಾನ್ಸರಿಗೆ ಕಾರಣವೆಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಬರೆದಿದ್ದ. ನಾನು ಸುಮ್ಮನೆ ಮಂಡಿ ಮುಟ್ಟಿಕೊಂಡೆ.

ಅಕ್ಟೋಬರಿನಲ್ಲಿ ಆತ ಮತ್ತೆ ಬಂದ. ಹಕ್ಕಿಗಳು ಹೋಗಿದ್ದವು. ಸರಳಿಗೆ ಸರಳು ಜೋಡಿಸಿ ಬ್ರಷ್ ಏರಿಸಿದ. ನಾನು ಅಂಗಳಕ್ಕೆ ಓಡಿ, ಅದು ತುದಿಯಲ್ಲಿ ತಲೆ ಹೊರಹಾಕುವುದನ್ನು ನೋಡಿದೆ. ಒಂದು ರಾಶಿ ಕಡ್ಡಿ, ಜೊತೆಗೆ ಡಾಂಬರಿನಂತೆ ಹೊಳೆಯುವ ಕಪ್ಪು ಹಕ್ಕಳೆ. ಹಸಿ ಸೌದೆಯ ಹೊಗೆ ಮೇಲೇರುವಾಗ ತಣಿದು ಹೀಗೆ ಗೋಡೆಗಂಟುತ್ತದೆ, ಕಿಡಿ ತಾಗಿದರೆ ಹೊಗೆಗೂಡೇ ಹೊತ್ತಿ ರೈಲಿನಂತೆ ಮೊರೆಯುತ್ತದೆ ಎಂದ. ಸೌದೆಯಲ್ಲಿ ತೇವ ನೂರಕ್ಕೆ 20ನ್ನು ದಾಟಬಾರದು, ವರ್ಷಕ್ಕೊಮ್ಮೆಯಾದರೂ ಬ್ರಷ್ ಆಡಿಸಬೇಕು. ಬೂದಿಯನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಬೇಡ, ಒಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ ಎಂದೂ ಹೇಳಿದ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಅದನ್ನೇ ಊದಿ ಒಲೆ ಹಚ್ಚುತ್ತಿದ್ದವಳ ಮಗನಿಗೆ!

ಸಂಜೆ ಅಮ್ಮನಿಗೆ ವರದಿ ಒಪ್ಪಿಸಿದೆ.

‘ಇಲ್ಲಣ ಎಷ್ಟು ಬಂತು?’

‘ಎರಡು ಬಕೆಟ್.’

‘ಎಲ್ಲಿಟ್ಟೆ?’

‘ಅವನೇ ಒಯ್ದ.’ ಹಿಂದೆ ಈ ಕಸುಬಿನವರು ಮಸಿಯನ್ನು ರೈತರಿಗೆ ಗೊಬ್ಬರಕ್ಕೆ ಮಾರುತ್ತಿದ್ದರು ಎಂಬ ನನ್ನ ಹೊಸ ಪಾಂಡಿತ್ಯವನ್ನೂ ಸೇರಿಸಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘70 ಪೌಂಡೂ ಕೊಟ್ಟು, ಇಲ್ಲಣಾನೂ ಕೊಟ್ಟು ಕಳ್ಸಿದೆಯಾ?’