ಓಪಿಕ

ವಿಜಯಪುರದವನು ವಿಜಯವಾಡದಲ್ಲಿ ಕೆಲಸಕ್ಕೆ ಸೇರಿದರೆ ಮೊದಲ ಫಜೀತಿ ಹೆಸರಿನದೇ. ಊರಿನ ನೆಂಟರಲ್ಲಿ ಅರ್ಧ ಜನ ನಾನು ಊರಲ್ಲೇ ಇದ್ದೇನೆ ಅಂದುಕೊಂಡಿದ್ದಾರೆ, ಇನ್ನರ್ಧ ಜನ ಇಲ್ಲಿಗೆ ಬಂದಾಗ ಗೋಳಗುಮ್ಮಟ ಎಲ್ಲಿ ಅಂತ ಕೇಳುತ್ತಾರೆ. ಹೆಸರು ಬಿಟ್ಟರೆ ಎರಡೂ ಊರನ್ನು ಕೂಡಿಸುವುದು ಕೃಷ್ಣಾ ನದಿ. ಆಲಮಟ್ಟಿಯಲ್ಲಿ ಕಂಡ ನೀರನ್ನೇ ಇಲ್ಲಿ ಪ್ರಕಾಶಂ ಬ್ಯಾರೇಜ್ ಮೇಲೆ ನಿಂತು ನೋಡುತ್ತೇನೆ. ಇನ್ನೊಂದು ಹೋಲಿಕೆ, ಎರಡೂ ಕಡೆ ನೆಲ ಸಪಾಟು. ಸಪಾಟು ನೆಲದಲ್ಲಿ ಬೆಳೆದು, ಹದಿನೈದು ವರ್ಷ ಕುರ್ಚಿಯಲ್ಲಿ ಕೂತು ಸಾಫ್ಟ್‌ವೇರ್ ಬರೆದವನು ಟೂರ್ ಆಫ್ ನೀಲಗಿರೀಸ್‌ಗೆ ಹೆಸರು ಕೊಟ್ಟೆ ಅಂದಾಗ ನನ್ನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಏನ್ ಹುಚ್ಚು ಹಿಡದೈತೇನೋ ನಿನಗ?"

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬೆಂಗಳೂರಿನ ರೈಡ್‌ಎಸೈಕಲ್ ಫೌಂಡೇಶನ್ನಿನವರು 2008ರ ಡಿಸೆಂಬರಿನಲ್ಲಿ ಶುರು ಮಾಡಿದ ಸೈಕಲ್ ಯಾತ್ರೆ ಇದು. ನೂರರ ಆಸುಪಾಸು ಸವಾರರು ಕರ್ನಾಟಕ, ತಮಿಳುನಾಡು, ಕೇರಳದ ಬೆಟ್ಟದ ರಸ್ತೆಗಳಲ್ಲಿ ಹಲವು ದಿನ ಸೈಕಲ್ ತುಳಿಯುತ್ತಾರೆ. ನಮ್ಮ ಬ್ಯಾಗು ಲಾರಿಯಲ್ಲಿ ಬರುತ್ತದೆ. ದಾರಿಯಲ್ಲಿ ನೀರು, ಬಾಳೆಹಣ್ಣು, ಮೆಕ್ಯಾನಿಕ್, ಆಂಬುಲೆನ್ಸ್ ಎಲ್ಲ ಇರುತ್ತದೆ. ಇಷ್ಟೇ ಆಗಿದ್ದರೆ ಪ್ರವಾಸ ಎನ್ನಬಹುದಿತ್ತು. ನಡುವೆ ಕೆಲವು ಏರುಗಳಲ್ಲಿ ಗಡಿಯಾರ ಓಡುತ್ತದೆ, ಅದು ರೇಸು. ಆ ಏರುಗಳಲ್ಲಿ ಎಲ್ಲರೂ ಹೆದರುವುದು ಕಲ್ಲಟ್ಟಿಗೆ. ಮಸಿನಗುಡಿಯಿಂದ ಊಟಿಗೆ ಹೋಗುವ ಆ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಸುಮಾರು 12 ಕಿಲೋಮೀಟರಿನಲ್ಲಿ ಸಾವಿರ ಮೀಟರಿನಷ್ಟು ಮೇಲೇರಬೇಕು. ನಮ್ಮ ಯಾತ್ರೆ ಗಿರಕಿ ಹೊಡೆಯುತ್ತಿದ್ದದ್ದೇ ಈ ಒಂದು ಬೆಳಗಿನ ಸುತ್ತ.

ತಾಯಿ ಕೇಳಿದ ಪ್ರಶ್ನೆಯ ಹಿಂದೆ ಬೇರೆ ಲೆಕ್ಕ ಇತ್ತು. ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ದಿನಾ ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದರು, ಬೀಡಿ ಸಿಗರೇಟು ಮುಟ್ಟಿದವರಲ್ಲ. ಎರಡು ದಿನ ಎದೆ ಉರಿ ಅಂದರು, ಪಿತ್ತ ಇರಬೇಕೆಂದು ಸೋಡಾ ಕುಡಿದರು. ಮೂರನೇ ದಿನ ಇರಲಿಲ್ಲ. ಅವರಿಗೆ ಆಗ 41 ವರ್ಷ, ನನಗೆ 12. ಈಗ ನನಗೆ 38. ನಮ್ಮ ಮನೆಯಲ್ಲಿ ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಮಾಡಿಕೊಂಡಿರುತ್ತಾರೆ.

ಹೆಂಡತಿ ಬೇಡ ಅನ್ನಲಿಲ್ಲ, ಷರತ್ತು ಹಾಕಿದಳು. ಹೃದಯದ ಡಾಕ್ಟರು ಬರೆದುಕೊಟ್ಟರೆ ಮಾತ್ರ ಹೋಗಬೇಕು. ಎಕೋ ಆಯಿತು, ಟ್ರೆಡ್‌ಮಿಲ್ ಮೇಲೆ ಓಡಿಸಿದರು, ರಕ್ತ ತೆಗೆದರು. ಎಲ್ಲ ಸರಿ ಇತ್ತು. ಆದರೂ ಅಪ್ಪನ ವಿಷಯ ಕೇಳಿದ ಮೇಲೆ ಡಾಕ್ಟರು ಒಂದು ಗೆರೆ ಎಳೆದುಕೊಟ್ಟರು. ಎದೆಬಡಿತ ನಿಮಿಷಕ್ಕೆ 160 ದಾಟಬಾರದು, ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಬೇಕು. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಸಿಗುತ್ತದೆ ಎಂಬ ಲೆಕ್ಕ ನೀವೂ ಕೇಳಿರುತ್ತೀರಿ. ಅದರ ಪ್ರಕಾರ ನನ್ನದು 182. ಅದು ಬರೀ ಸರಾಸರಿ, ಒಬ್ಬೊಬ್ಬರ ಎದೆ ಒಂದೊಂದು ಥರ. ನನ್ನ ಗೆರೆ ನನ್ನ ಪರೀಕ್ಷೆ ನೋಡಿ ಎಳೆದದ್ದು, ನಿಮಗೆ ಅದನ್ನು ಎರವಲು ಕೊಡಲಾರೆ.

ಇನ್ನು ತಯಾರಿ. ವಿಜಯವಾಡದಲ್ಲಿ ಬೆಟ್ಟ ಇಲ್ಲವೆಂದಲ್ಲ, ಕನಕದುರ್ಗಮ್ಮ ಕೂತಿರುವ ಇಂದ್ರಕೀಲಾದ್ರಿಯೇ ಊರ ನಡುವೆ ಇದೆ. ಆದರೆ ಭಕ್ತರ ನಡುವೆ ಬಿಗಿ ಚಡ್ಡಿ ಹಾಕಿಕೊಂಡು ಏದುಸಿರು ಬಿಡುತ್ತ ಸೈಕಲ್ ಹತ್ತಿಸುವ ಧೈರ್ಯ ನನಗಿಲ್ಲ. ಉಳಿದದ್ದು ಫ್ಲೈಓವರ್. ಒಂದು ಸಲ ಹತ್ತಿದರೆ ಏಳೆಂಟು ಮೀಟರ್. ಸಾವಿರ ಮೀಟರ್ ಆಗಬೇಕಾದರೆ ನೂರಕ್ಕೂ ಹೆಚ್ಚು ಸಲ ಹತ್ತಿ ಇಳಿಯಬೇಕು. ಒಂದು ಭಾನುವಾರ ಬೆಳಗಿನ ಜಾವ ಹನ್ನೆರಡನೇ ಸುತ್ತಿನಲ್ಲಿ ಆಟೋದವನೊಬ್ಬ ನಿಲ್ಲಿಸಿ, ದಾರಿ ತಪ್ಪಿದೆಯಾ ಸಾರ್ ಅಂತ ತೆಲುಗಿನಲ್ಲಿ ಕರುಣೆಯಿಂದ ಕೇಳಿದ. ಅಲ್ಲಿಗೆ ಅದನ್ನು ಬಿಟ್ಟೆ. ಬ್ಯಾರೇಜ್ ದಾಟಿ ಅಮರಾವತಿ ಕಡೆಗೆ ಹೋಗುವ ಕರಕಟ್ಟ ರಸ್ತೆಯಲ್ಲಿ, ನದಿಯ ಎದುರುಗಾಳಿಗೆ ಭಾರದ ಗೇರಿನಲ್ಲಿ ತುಳಿಯುವುದೇ ನಮ್ಮ ಬೆಟ್ಟವಾಯಿತು. ಬೇಸಿಗೆಯಲ್ಲಿ ಆರೂವರೆಗೇ ಬೆವರು ಕಣ್ಣಿಗೆ ಇಳಿಯುತ್ತದೆ.

ನಿಜವಾದ ಏರು ಬೇಕಾದರೆ ವಿಶಾಖಪಟ್ಟಣಕ್ಕೆ ಹೋಗಬೇಕು. ಕಂಪನಿಯ ಇನ್ನೊಂದು ಆಫೀಸು ಅಲ್ಲಿರುವುದರಿಂದ ತಿಂಗಳಿಗೊಮ್ಮೆ ಹೇಗೂ ಹೋಗುತ್ತಿದ್ದೆ. ವಿಜಯವಾಡದಿಂದ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಕೂತರೆ ಮಧ್ಯಾಹ್ನಕ್ಕೆ ವಿಶಾಖಪಟ್ಟಣ. ಅಲ್ಲಿ ಬೆಟ್ಟ ಸಮುದ್ರಕ್ಕೇ ಬಂದು ಕಾಲಿಟ್ಟಿದೆ. ಕೈಲಾಸಗಿರಿ, ಸಿಂಹಾಚಲ ಊರಿಗೆ ಅಂಟಿಕೊಂಡೇ ಇವೆ. ದೊಡ್ಡ ಪರೀಕ್ಷೆ ಎಂದರೆ ಅರಕು. ಸಮುದ್ರದಂಡೆಯಿಂದ ನೂರ ಹದಿನೈದು ಕಿಲೋಮೀಟರ್ ಆಚೆ, ಸುಮಾರು 900 ಮೀಟರ್ ಎತ್ತರದ ಕಣಿವೆ.

ಅಲ್ಲಿ ಗಂಟುಬಿದ್ದವರು ನೌಕಾಪಡೆಯಿಂದ ನಿವೃತ್ತರಾದ ಒಬ್ಬ ತೆಲುಗು ಹಿರಿಯರು. ವಯಸ್ಸು 61. ಅವರು ನಾಲ್ಕು ಜನರನ್ನು ಕಟ್ಟಿಕೊಂಡು ಬೆಳಗಿನ ನಾಲ್ಕಕ್ಕೆ ಹೊರಡಿಸಿದರು. ಕೊತ್ತವಲಸ, ಶೃಂಗವರಪುಕೋಟ ದಾಟಿದ ಮೇಲೆ ಘಟ್ಟ. ಗಡಿಯಾರ ಒತ್ತಿದ್ದು ಬುಡದಲ್ಲಿ, ನಿಲ್ಲಿಸಿದ್ದು ಅನಂತಗಿರಿಯಲ್ಲಿ. ದಾರಿಬದಿಯಲ್ಲಿ ಬಿದಿರಿನ ಬೊಂಬಿನಲ್ಲಿ ಕೋಳಿ ಬೇಯಿಸುವ ಹೊಗೆ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅವುಗಳ ಕೆಳಗೆ ಕಾಫಿ ಗಿಡ. ಮೂಡಿಗೆರೆಯೋ ಸೋಮವಾರಪೇಟೆಯೋ ಅನ್ನಿಸಿತು. ಅರಕು ಅರೇಬಿಕಾಕ್ಕೂ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಕಾಫಿಗಳಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಒಂದೇ ವರ್ಷ, 2019ರಲ್ಲಿ.

ಮೊದಲ ಅರ್ಧ ಗಂಟೆಯಲ್ಲಿ ನನ್ನ ಗಡಿಯಾರ ನಾಲ್ಕು ಸಲ ಕಿರುಚಿತು. 160 ಮುಟ್ಟಿದರೆ ಕಿರುಚುವಂತೆ ಇಟ್ಟಿದ್ದೆ. ಪ್ರತಿ ಸಲ ನಿಧಾನಿಸಿದೆ, ಪ್ರತಿ ಸಲ ಯಾರೋ ಮುಂದೆ ಹೋದರು. ಮುಖ ಸಪ್ಪಗಾದದ್ದನ್ನು ಹಿರಿಯರು ನೋಡಿದರು. ಪಕ್ಕಕ್ಕೆ ಬಂದು, ಕಣಿವೆಯಾಚೆ ಗುಡ್ಡದ ಪಕ್ಕೆಯಲ್ಲಿ ಸರಿಯುತ್ತಿದ್ದ ಗೂಡ್ಸ್ ರೈಲು ತೋರಿಸಿದರು. ಅದು ಕೊತ್ತವಲಸ–ಕಿರಂದೂಲ್ ಮಾರ್ಗ. ಬೈಲಾದಿಲಾದ ಕಬ್ಬಿಣದ ಅದಿರು ಬಂದರಿಗೆ ಇಳಿಯಲಿ ಎಂದು 1960ರ ದಶಕದಲ್ಲಿ ಹಾಕಿದ್ದು. ಅದರ ಶಿಮಿಲಿಗುಡ ಒಂದು ಕಾಲಕ್ಕೆ ದೇಶದಲ್ಲೇ ಅತಿ ಎತ್ತರದ ಬ್ರಾಡ್‌ಗೇಜ್ ನಿಲ್ದಾಣ ಎನಿಸಿಕೊಂಡಿತ್ತು. "ಆ ರೈಲು ನೋಡು, ಬೆಟ್ಟಕ್ಕೆ ನೇರ ಹಾಯುತ್ತದಾ? ಸುತ್ತುತ್ತದೆ, ಸುರಂಗ ಹೊಗುತ್ತದೆ, ತನ್ನ ಶಕ್ತಿ ಎಷ್ಟೋ ಅಷ್ಟೇ ಏರುತ್ತದೆ" ಎಂದರು. ಆಮೇಲೆ ಹೇಳಿದರು: "ಎಕ್ಕೇದಿ ಕಾಳ್ಳು ಕಾದು, ಓಪಿಕ." ಹತ್ತುವುದು ಕಾಲಲ್ಲ, ಓಪಿಕ.

ತೆಲುಗು ನಾಡಿನಲ್ಲಿ ಇರುವವರಿಗೆ ಈ ಪದ ಹೊಸದಲ್ಲ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಸುಸ್ತಾದ ಅಜ್ಜಿ ಓಪಿಕ ಇಲ್ಲ ಎನ್ನುತ್ತಾಳೆ, ಅಂದರೆ ತ್ರಾಣ ಇಲ್ಲ. ಗಲಾಟೆ ಮಾಡುವ ಮಗುವಿಗೆ ತಾಯಿ ಓಪಿಕ ಪಟ್ಟು ಎನ್ನುತ್ತಾಳೆ, ಅಂದರೆ ತಾಳಿಕೋ. ತ್ರಾಣಕ್ಕೂ ತಾಳ್ಮೆಗೂ ಅವರಲ್ಲಿ ಒಂದೇ ಪದ. ನಾವು ಕನ್ನಡದಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟಿದ್ದೇವೆ. ತ್ರಾಣ ಇದ್ದವನು ನುಗ್ಗುತ್ತಾನೆ, ಇಲ್ಲದವನು ತಾಳ್ಮೆಯಿಂದ ಇರುತ್ತಾನೆ ಅನ್ನುವ ಹಾಗೆ. ಹತ್ತು ವರ್ಷ ಈ ಭಾಷೆಯ ನಡುವೆ ಇದ್ದೂ ಆ ಪದ ನನಗೆ ಪೂರ್ತಿ ದಕ್ಕಿದ್ದು ಆ ಘಟ್ಟದಲ್ಲಿ. ಉಳಿದ ದಾರಿಯಲ್ಲಿ ಬಡಿತ 150ರ ಸುತ್ತ ಹಿಡಿದೆ. ಅನಂತಗಿರಿಗೆ ಕೊನೆಯವನಾಗಿ ಮುಟ್ಟಿದೆ. ಆದರೆ ಕಾಫಿ ಕುಡಿದು ಅರಕುವರೆಗೆ ಮಾತಾಡುತ್ತ ಹೋಗುವಷ್ಟು ಉಸಿರು ಉಳಿದಿತ್ತು.

ಆ ಚಳಿಗಾಲ ಕಲ್ಲಟ್ಟಿಯ ಬುಡದಲ್ಲಿ ನಿಂತಾಗ ನನ್ನ ಹತ್ತಿರ ಇದ್ದ ಬಂಡವಾಳ ಇಷ್ಟೇ. ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದೆಯೂ 34 ಹಲ್ಲಿನ ದೊಡ್ಡ ಗೇರು, ಎರಡು ಬಾಟಲಿ ಉಪ್ಪು-ಸಕ್ಕರೆ ನೀರು, 160ರ ಗೆರೆ. ಸಪಾಟು ಊರಿನಿಂದ ಹೋಗುವವರಿಗೆ ಒಂದು ಮಾತು: ಖರ್ಚು ಮಾಡುವುದಿದ್ದರೆ ಹಗುರ ಸೈಕಲ್ಲಿಗಿಂತ ಮೊದಲು ಆ ಹಿಂದಿನ ಗೇರಿಗೆ ಮಾಡಿ. ಕಾಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುವ ಗೇರು ಇದ್ದರೆ ಕಡಿದಾದ ಕಡೆಯೂ ಇಳಿಯದೆ ಹೋಗಬಹುದು.

ಕಲ್ಲಟ್ಟಿ ಅರಕುವಿನಂತೆ ಉಸಿರಾಡಲು ಬಿಡುವುದಿಲ್ಲ. ಅಪಘಾತಗಳಾದದ್ದಕ್ಕೆ ಹೊರಗಿನವರ ವಾಹನ ಕೆಳಕ್ಕೆ ಇಳಿಯದಂತೆ ನಿರ್ಬಂಧ ಹಾಕಿರುವ ರಸ್ತೆ ಅದು, ಇಳಿಜಾರು ಅಷ್ಟು ಕಡಿದು. ತಿರುವಿನಲ್ಲಿ ಒಳಅಂಚು ಗೋಡೆಯ ಹಾಗೆ ಏಳುತ್ತದೆ, ಹೊರಅಂಚಿನಲ್ಲಿ ದೂರ ಹೆಚ್ಚು, ಏರು ಕಡಿಮೆ. ನಾನು ಎದುರು ವಾಹನ ಇಲ್ಲದಾಗಲೆಲ್ಲ ಹೊರಗಿನಿಂದಲೇ ಸುತ್ತಿದೆ. ಐದನೇ ತಿರುವಿನಲ್ಲಿ ಗಡಿಯಾರ ಕಿರುಚಿತು. ಇಳಿದು ನಿಂತೆ. ಬಡಿತ 140ಕ್ಕೆ ಬಂದ ಮೇಲೆ ಹತ್ತಿದೆ. ಹನ್ನೊಂದರಲ್ಲಿ ಮತ್ತೆ ಹಾಗೇ. ಇಳಿದು ತಳ್ಳುವವರು, ಕಾಲು ಹಿಡಿದುಕೊಂಡು ಕೂತವರು, ಹಾಡುತ್ತ ಹೋಗುವವರು, ಎಲ್ಲ ಥರದವರೂ ದಾರಿಯಲ್ಲಿದ್ದರು. ಸಹಾಯದ ವಾಹನ ಹಿಂದೆ ಮುಂದೆ ಓಡಾಡುತ್ತಿತ್ತು. ಪ್ರತಿ ಸಲ ಚಾಲಕ ಹೆಬ್ಬೆರಳು ಎತ್ತಿ ಕೇಳುತ್ತಿದ್ದ, ನಾನೂ ಎತ್ತಿ ತೋರಿಸುತ್ತಿದ್ದೆ. ಇಂಥ ವ್ಯವಸ್ಥೆ ಇರುವ ಯಾತ್ರೆಗೆ ಸೇರಿದ್ದರ ಬೆಲೆ ನನಗೆ ಗೊತ್ತಾದದ್ದು ಆಗ. ಬೇಕಾದಾಗ ನಿಲ್ಲಬಹುದು ಎಂಬ ನೆಮ್ಮದಿ ಇದ್ದವನಿಗೇ ಮುಂದೆ ಹೋಗುವ ಧೈರ್ಯ ಬರುತ್ತದೆ.

ಇಪ್ಪತ್ತೇಳನೇ ತಿರುವಿನಲ್ಲಿ ನನಗಿಂತ ಬಹಳ ಹಿರಿಯರೊಬ್ಬರು ನಗುನಗುತ್ತ ದಾಟಿದರು. ಗಡಿಯಾರ ನೋಡಿದೆ, 157. ಕಾಲಲ್ಲಿ ಇನ್ನೂ ಕಸುವಿತ್ತು. ಎದ್ದು ನಿಂತು ಹತ್ತು ನಿಮಿಷ ತುಳಿದರೆ ಅವರನ್ನು ಹಿಡಿಯಬಹುದಿತ್ತು. ಅವರನ್ನು ಹಿಡಿಯುವುದಕ್ಕಿಂತ, ನನ್ನ ಎದೆ ಅಪ್ಪನದಲ್ಲ ಎಂದು ತೋರಿಸುವ ಆಸೆಯೇ ದೊಡ್ಡದಾಗಿತ್ತು. ಯಾರಿಗೆ ತೋರಿಸುವುದು? ಅಪ್ಪನಿಗೆ ಧೈರ್ಯ ಕಡಿಮೆ ಇರಲಿಲ್ಲ, ಎದೆ ಉರಿಯುತ್ತಿದ್ದರೂ ಎರಡು ದಿನ ಶಾಲೆಗೆ ಸೈಕಲ್ ತುಳಿದವರು. ಅವರಿಗೆ ಗೆರೆ ಎಲ್ಲಿದೆ ಎಂದು ಹೇಳುವವರು ಇರಲಿಲ್ಲ. ನನಗೆ ಹೇಳಿದ್ದಾರೆ. ಕೂತೇ ತುಳಿದೆ. ಹಿರಿಯರು ಮುಂದಿನ ತಿರುವಿನಲ್ಲಿ ಕಾಣೆಯಾದರು.

ಮೇಲೆ ಮುಟ್ಟಿದಾಗ ಒಂದು ಗಂಟೆ 52 ನಿಮಿಷ ಆಗಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಹುಡುಕಲು ಕೆಳಗಿನಿಂದ ಓದುವುದೇ ಸುಲಭ. ನೀಲಗಿರಿ ಮರಗಳ ನಡುವೆ ತಣ್ಣನೆ ಗಾಳಿ ಬೀಸುತ್ತಿತ್ತು, ಬೆನ್ನಿನ ಬೆವರು ಆರಿ ನಡುಕ ಬಂತು. ಯಾರೋ ಕೈಗೆ ಚಹಾ ಕೊಟ್ಟರು. ನೌಕಾಪಡೆಯ ಹಿರಿಯರಿಗೆ ಫೋಟೊ ಕಳಿಸಿದೆ. ಅವರು ಒಂದೇ ಪದ ಬರೆದರು, ಯಾವುದೆಂದು ನೀವು ಊಹಿಸಬಹುದು.

ಮನೆಗೆ ಬಂದ ದಿನ ಹೆಂಡತಿ ಪದಕ ನೋಡಲಿಲ್ಲ, ಸಮಯ ಕೇಳಲಿಲ್ಲ. ಫೋನ್ ಇಸಿದುಕೊಂಡು ಎದೆಬಡಿತದ ನಕ್ಷೆ ತೆಗೆದಳು. ಆ ಕೆಂಪು ಗೆರೆ 160ರ ಕೆಳಗೇ ಕುಣಿಯುತ್ತ, ಎರಡು ಕಡೆ ಮಾತ್ರ ಮೇಲಕ್ಕೆ ತಾಕಿ ತಕ್ಷಣ ಇಳಿದಿತ್ತು. ಬೆರಳಿಟ್ಟು ಕೊನೆತನಕ ಓದಿದಳು. "ಇಲ್ಲಿ ಯಾಕ ಇಷ್ಟು ಕೆಳಗ ಬಂದೈತಿ?" ಎಂದು ಒಂದು ಕಡೆ ತೋರಿಸಿದಳು. ನಿಂತು ಬಾಳೆಹಣ್ಣು ತಿಂದೆ ಎಂದೆ. ಆಮೇಲೆ ಅದರ ಚಿತ್ರ ತೆಗೆದು, ವಿಜಯಪುರಕ್ಕೆ, ನಮ್ಮ ತಾಯಿಗೆ ಕಳಿಸಿದಳು. ತಾಯಿಗೆ ನಕ್ಷೆ ಓದಲು ಬರುವುದಿಲ್ಲ. ಫೋನ್ ಮಾಡಿ, ಇದು ಚಲೋನೋ ಕೆಟ್ಟೋ ಅಂತ ಕೇಳಿದರು. ಚಲೋ ಅತ್ತಿ, ಎಂದಳು ಇವಳು.