ಸುಲಭದ ಪಟಾಕಿ ಚಿತ್ರ

ದೀಪಾವಳಿಗೆ ಹತ್ತು ದಿನ ಇದೆ ಅನ್ನುವಾಗ ಎಲ್‌ಕೆಜಿ, ಯುಕೆಜಿ ಮಕ್ಕಳ ಅಪ್ಪ ಅಮ್ಮಂದಿರಿಗೆ ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸೂಚನೆ ಬರುತ್ತದೆ: ಸೋಮವಾರ ಪಟಾಕಿಯ ಚಿತ್ರ ಬರೆದು ತರಬೇಕು. ಐದು ನಿಮಿಷದಲ್ಲಿ ಅದು ಅಕ್ಕನ ಫೋನಿನಿಂದ ನನ್ನ ಫೋನಿಗೆ ಬರುತ್ತದೆ. ‘ನೀನು ಪಿಎಚ್.ಡಿ. ಮಾಡ್ತಿರೋದು ಮಕ್ಕಳ ಚಿತ್ರದ ಮೇಲೆ ತಾನೆ? ಯಾವುದಾದ್ರೂ ಸುಲಭದ್ದು ಹೇಳೇ.’ ನನ್ನ ನಾಲ್ಕು ವರ್ಷದ ಸಂಶೋಧನೆಯಿಂದ ನಮ್ಮ ಮನೆಯವರಿಗೆ ಈವರೆಗೆ ಆಗಿರುವ ಉಪಯೋಗ ಇದೊಂದೇ. ಹಾಗಾಗಿ ನಾನೂ ಗಂಭೀರವಾಗಿಯೇ ಉತ್ತರ ಕೊಡುತ್ತೇನೆ.

ಪಟಾಕಿಯಷ್ಟು ಸುಲಭದ ಚಿತ್ರ ಇನ್ನೊಂದಿಲ್ಲ. ನಡುವೆ ಒಂದು ಚುಕ್ಕಿ, ಅಲ್ಲಿಂದ ಹೊರಕ್ಕೆ ಗೆರೆಗಳು. ಮೂರು ನಾಲ್ಕು ವರ್ಷದ ಮಗುವಿನ ಕೈಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಿಶುವಿಹಾರ ನಡೆಸುತ್ತಿದ್ದ ರೋಡಾ ಕೆಲಾಗ್ ಪುಟ್ಟ ಮಕ್ಕಳ ಲಕ್ಷಾಂತರ ಚಿತ್ರಗಳನ್ನು ಕೂಡಿಟ್ಟವರು. ಅವರ ಪುಸ್ತಕ ಬಂದದ್ದು 1969ರಲ್ಲಿ. ಮಕ್ಕಳ ಗೀಚುವಿಕೆಯಲ್ಲೇ 20 ಬಗೆಯ ಮೂಲ ಗೆರೆಗಳನ್ನು ಅವರು ಗುರುತಿಸಿದರು. ಆ ಗೀಚು ಮೆಲ್ಲಗೆ ವೃತ್ತವಾಗಿ, ವೃತ್ತದೊಳಗೆ ಅಡ್ಡಗೆರೆ ಬಂದು, ಹೊರಕ್ಕೆ ಕಿರಣಗಳು ಮೂಡಿ ಸೂರ್ಯನಾಗುತ್ತದೆ. ಮನುಷ್ಯನ ಆಕಾರ ಬರುವುದು ಆಮೇಲೆ. ಪಟಾಕಿ ಏನೆಂದು ತಿಳಿಯುವ ಮೊದಲೇ ಪಟಾಕಿ ಬಿಡಿಸುವ ಗೆರೆ ಮಗುವಿನ ಕೈಯಲ್ಲಿ ಇರುತ್ತದೆ.

ಆದ್ದರಿಂದ ಅಕ್ಕನಿಗೆ ನಾನು ಹೇಳುವುದು ಇಷ್ಟು. ನೋಡಿ ನಕಲು ಮಾಡಲಿಕ್ಕೆ ಮಾದರಿ ಚಿತ್ರ ಕೊಡಬೇಡ, ಪಟಾಕಿಗಳ ಹೆಸರು ಹೇಳು. ಸುರುಸುರು ಬತ್ತಿ ಅಂದರೆ ಒಂದು ಕಡ್ಡಿ, ತುದಿಯ ಸುತ್ತ ಚಿಕ್ಕ ಚಿಕ್ಕ ಗೆರೆ. ಹೂಕುಂಡ ಅಂದರೆ ಕೆಳಗಿನಿಂದ ಮೇಲೆದ್ದು ಎರಡೂ ಕಡೆಗೆ ಬಾಗುವ ಗೆರೆ. ನೆಲಚಕ್ರ ಅಂದರೆ ಸುತ್ತಿ ಸುತ್ತಿ ಹೊರಗೆ ಬರುವ ಗೆರೆ. ರಾಕೆಟ್ ಅಂದರೆ ಉದ್ದಕ್ಕೆ ಒಂದೇ ಗೆರೆ, ಮೇಲೆ ಹೋಗಿ ಒಡೆಯುವುದು. ನಾಲ್ಕು ಪಟಾಕಿಗೆ ನಾಲ್ಕು ಬಗೆಯ ಗೆರೆ ಕಲಿತ ಹಾಗಾಯಿತು.

ಕತ್ತಲೆ ಬೇಕಾದರೆ ಎರಡು ಉಪಾಯಗಳಿವೆ. ಬಿಳಿ ಹಾಳೆಯ ಮೇಲೆ ಮೇಣದ ಬಳಪದಿಂದ ಒತ್ತಿ ಬಿಡಿಸಿ, ಅದರ ಮೇಲೆ ನೀರಾದ ಕಪ್ಪು ಬಣ್ಣ ಬಳಿಯುವುದು ಒಂದು. ಮೇಣ ನೀರನ್ನು ಹಿಡಿಯುವುದಿಲ್ಲ. ಸುತ್ತ ಎಲ್ಲ ಕಪ್ಪಾಗಿ ಗೆರೆ ಮಾತ್ರ ಬೆಳಗುತ್ತದೆ. ಹಾಳೆಯ ತುಂಬ ಬಣ್ಣದ ಬಳಪ ತಿಕ್ಕಿ, ಮೇಲೆ ಕಪ್ಪು ಬಳಪ ದಪ್ಪಗೆ ಹಚ್ಚಿ, ಕಡ್ಡಿಯಿಂದ ಕೆರೆಯುವುದು ಇನ್ನೊಂದು. ಗೆರೆ ಎಳೆಯಲು ಇನ್ನೂ ಬಾರದ ಮಗುವಿಗೆ ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಕೊಟ್ಟರೆ ಸಾಕು, ಆಕಾಶದ ತುಂಬ ನಕ್ಷತ್ರ. ಇನ್ನು ನಿಜವಾದ ಪಟಾಕಿಯಲ್ಲಿ ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರದ ಲವಣಗಳು ಬೇಕು. ಅವುಗಳಲ್ಲಿ ಚೆಂದದ ನೀಲಿ ತರುವುದೇ ಕಷ್ಟ, ಶಾಖ ಹೆಚ್ಚಾದರೆ ಆ ಬಣ್ಣ ನಿಲ್ಲುವುದಿಲ್ಲ. ಮಗುವಿಗೆ ಆ ತಾಪತ್ರಯವಿಲ್ಲ, ನೀಲಿ ಬಳಪ ಮುರಿಯದಿದ್ದರೆ ಆಯಿತು.

ಹೀಗೆ ಸುಲಭವಾಗಿ ಪಟಾಕಿ ಬಿಡಿಸಿದ್ದಕ್ಕೆ ದೊಡ್ಡವರು ಕೋರ್ಟು ಹತ್ತಿದ್ದೂ ಇದೆ. ಲಂಡನ್ನಿನ ಕ್ರೆಮಾರ್ನ್ ಉದ್ಯಾನದಲ್ಲಿ ರಾತ್ರಿ ಹಾರಿಸುತ್ತಿದ್ದ ಬಾಣಬಿರುಸುಗಳನ್ನು ಕಲಾವಿದ ವಿಸ್ಲರ್ 1870ರ ದಶಕದಲ್ಲಿ ಚಿತ್ರಿಸಿದ. ಕಪ್ಪು ನೆಲದ ಮೇಲೆ ಚಿಮುಕಿಸಿದ ಹೊನ್ನಿನ ಚುಕ್ಕಿಗಳು. ಜನರ ಮುಖಕ್ಕೆ ಬಣ್ಣ ಎರಚಿದ್ದಾನೆ ಎಂಬರ್ಥದಲ್ಲಿ ವಿಮರ್ಶಕ ರಸ್ಕಿನ್ 1877ರಲ್ಲಿ ಬರೆದ. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ, ಮರುವರ್ಷ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ತರಗತಿಯಲ್ಲಿ ಈ ಕಥೆ ಹೇಳಿದಾಗ ಎಲ್ಲರೂ ನಗುತ್ತಾರೆ. ಆ ಚಿತ್ರದ ಕೆಳಗಡೆ ಕತ್ತಲಲ್ಲಿ ಕರಗಿದಂತೆ ನಿಂತಿರುವ ಕೆಲವು ಮಸುಕು ಆಕೃತಿಗಳಿವೆ, ಆಕಾಶ ನೋಡುತ್ತಿರುವವರು. ನಾನು ಅವರನ್ನು ಸರಿಯಾಗಿ ಗಮನಿಸಿದ್ದು ಮಲ್ಲುವಿನ ಚಿತ್ರ ನೋಡಿದ ಮೇಲೆ.

ಬೆಂಗಳೂರಿನ ಹೊರವಲಯದ ಒಂದು ಮಕ್ಕಳ ಗ್ರಂಥಾಲಯಕ್ಕೆ ನಾನು ಶನಿವಾರಗಳಂದು ಹೋಗುತ್ತೇನೆ. ಸುತ್ತಲಿನ ಅಪಾರ್ಟ್‌ಮೆಂಟಿನ ಮಕ್ಕಳೂ ಬರುತ್ತಾರೆ, ಆ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿರುವವರ ಮಕ್ಕಳೂ ಬರುತ್ತಾರೆ. ಮಲ್ಲುವಿನ ಅಪ್ಪ ಅಮ್ಮ ಯಾದಗಿರಿ ಕಡೆಯವರು, ಇರುವುದು ತಗಡಿನ ಶೆಡ್ಡಿನಲ್ಲಿ. ಹಬ್ಬ ಕಳೆದ ಶನಿವಾರ ಎಲ್ಲರೂ ಪಟಾಕಿ ಬಿಡಿಸಿದರು. ಆರು ವರ್ಷದ ಮಲ್ಲು ಇಡೀ ಹಾಳೆಗೆ ಕಪ್ಪು ತಿಕ್ಕಿ, ಮೇಲಿನ ಮೂಲೆಯಲ್ಲಿ ಬೆರಳಗಲ ಜಾಗ ಬಿಟ್ಟು ಅಲ್ಲಿ ಮಾತ್ರ ಕೆಂಪು, ಹಸಿರು ತುಂಬಿದ್ದ.

ಗೋಡೆಗೆ ಚಿತ್ರ ಅಂಟಿಸುತ್ತಿದ್ದವರೊಬ್ಬರು ಅದನ್ನು ಪಕ್ಕಕ್ಕಿಟ್ಟರು. ‘ಇದು ಇನ್ನೂ ಪೂರ್ತಿಯಾಗಿಲ್ಲ, ಅಲ್ವಾ?’ ನಾನು ಮಲ್ಲುವನ್ನೇ ಕೇಳಿದೆ. ಅವನು ಎರಡು ಅಂಗೈಗಳನ್ನು ಕಣ್ಣಿನ ಆಚೀಚೆ ಗೋಡೆಯ ಹಾಗೆ ನಿಲ್ಲಿಸಿ ತೋರಿಸಿದ. ‘ನಮ್ ಶೆಡ್ಡಿಂದ ಇಷ್ಟೇ ಕಾಣ್ತದ್ರಿ ಅಕ್ಕಾ.’

ಎರಡು ಕಟ್ಟಡಗಳ ನಡುವಿನ ಆಕಾಶ ಅದು. ಕಪ್ಪೆಲ್ಲ ಗೋಡೆ. ಅವನ ಚಿತ್ರ ಪೂರ್ತಿಯಾಗಿತ್ತು, ಅಳತೆಯೂ ಸರಿಯಾಗಿತ್ತು. ಅಂಟಿಸುತ್ತಿದ್ದವರಿಗೆ ಅವನ ಮಾತನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, ಅದನ್ನು ತೆಗೆದುಕೊಂಡು ಮಕ್ಕಳ ಕಣ್ಣೆತ್ತರಕ್ಕೆ ಅಂಟಿಸಿದರು.

ನನ್ನ ಸಂಶೋಧನೆಯಲ್ಲಿ ಪ್ರತಿ ಚಿತ್ರಕ್ಕೂ ಒಂದು ಪಟ್ಟಿಯಿದೆ: ಯಾವ ಆಕಾರ, ಯಾವ ಬಣ್ಣ, ಹಾಳೆಯ ಎಷ್ಟು ಭಾಗ ಬಳಕೆಯಾಗಿದೆ. ಆ ವಾರ ಅದಕ್ಕೆ ಇನ್ನೊಂದು ಕಾಲಂ ಸೇರಿಸಿದೆ. ನೋಡುತ್ತಿರುವವರು ಎಲ್ಲಿದ್ದಾರೆ? ನನ್ನ ಗೈಡ್ ‘ಇದಕ್ಕೆ ಅಂಕ ಹೇಗೆ ಕೊಡ್ತೀಯಮ್ಮ?’ ಅಂದರು. ಅಂಕ ಬೇಡ ಸರ್, ಬರೆದುಕೊಳ್ಳುತ್ತೇನೆ ಅಂದೆ.

ಕೂಡಿಟ್ಟ ಚಿತ್ರಗಳನ್ನೆಲ್ಲ ಮತ್ತೆ ತೆಗೆದು, ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳತೊಡಗಿದೆ. ಹದಿನಾಲ್ಕನೇ ಮಹಡಿಯ ಹುಡುಗಿ ರಾಕೆಟ್ಟನ್ನು ಬಾಲ್ಕನಿಯ ಸರಳುಗಳ ಆಚೆ, ತನ್ನ ಮುಖದ ಎತ್ತರಕ್ಕೇ ಒಡೆಸಿದ್ದಳು. ಅವಳಿಗೆ ಪಟಾಕಿ ಮೇಲೆ ನೋಡುವ ವಸ್ತುವಲ್ಲ. ಇನ್ನೊಬ್ಬನ ಚಿತ್ರದಲ್ಲಿ ಪಟಾಕಿಯೇ ಇಲ್ಲ, ಮಂಚದ ಕೆಳಗೆ ಅವನು ಮತ್ತು ಅವನ ನಾಯಿ, ನಾಯಿಯ ಕಿವಿ ಮುಚ್ಚಿರುವ ಎರಡು ಕೈಗಳು. ಶಾಲೆಗೆ ಕಳಿಸಿದ್ದರೆ ಇವೆರಡರ ಕೆಳಗೆ ಏನು ಷರಾ ಬರುತ್ತಿತ್ತೋ.

ಹಾಗಾಗಿ ಈಗ ಯಾರಾದರೂ ಸುಲಭದ ಪಟಾಕಿ ಚಿತ್ರ ಕೇಳಿದರೆ ಗೆರೆಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಕೊಡುತ್ತೇನೆ. ಚಿತ್ರ ಮುಗಿದ ಮೇಲೆ ‘ಇದೇನು?’ ಅನ್ನಬೇಡಿ, ‘ನೀನು ಎಲ್ಲಿಂದ ನೋಡ್ತಿದ್ದೆ?’ ಅನ್ನಿ. ಉತ್ತರ ಕೇಳುವಷ್ಟು ಹೊತ್ತು ಪಕ್ಕದಲ್ಲಿ ಕೂತಿರಿ. ಈ ಇಡೀ ವಿಧಾನದಲ್ಲಿ ಕಷ್ಟದ ಭಾಗ ಇದೊಂದೇ.

ಅದೇ ಗ್ರಂಥಾಲಯಕ್ಕೆ ಬರುವ ಒಂದು ಹುಡುಗಿಯ ಅಮ್ಮ ಪೌರಕಾರ್ಮಿಕರು. ಹಬ್ಬದ ಮರುದಿನ ನಸುಕಿನಲ್ಲೇ ಕೆಲಸ, ಮಗಳೂ ಜೊತೆಗೆ ಹೋಗಿದ್ದಳು. ಅವಳ ಹಾಳೆಯ ಕೆಳಗಿನ ಅರ್ಧದಲ್ಲಿ ಸರ ಪಟಾಕಿಯ ಕೆಂಪು ಕಾಗದದ ಚೂರುಗಳು, ನಡುವೆ ಉದ್ದನೆಯ ಹಿಡಿಯ ಪೊರಕೆ, ಪೊರಕೆ ಹಿಡಿದ ಅಮ್ಮ. ಮೇಲೆ ಬಲಗಡೆ ಒಂದು ಚುಕ್ಕಿ, ಸುತ್ತ ಹೊರಕ್ಕೆ ಹಳದಿ ಗೆರೆಗಳು. ಇದು ಯಾವ ಪಟಾಕಿ ಎಂದು ಪಕ್ಕದಲ್ಲಿದ್ದ ಮಲ್ಲು ಕೇಳಿದ. ಪಟಾಕಿ ಅಲ್ಲ, ಬೆಳಗಾಯ್ತು ಅಂದಳು.